ಸ್ನಾಯುದಣಿವಿನ ಅಳತೆ: ಹಗುರ ಕೆಲಸದಲ್ಲಿ ತೋಳು ಮತ್ತು ಹೆಗಲು

ಹಗುರವಾದ ವಸ್ತುಗಳನ್ನು ಹಿಡಿದು ಒಂದೇ ಬಗೆಯ ಚಲನೆಯನ್ನು ಗಂಟೆಗಟ್ಟಲೆ ಮಾಡುವವರ ತೋಳು, ಹೆಗಲು ಮತ್ತು ಕುತ್ತಿಗೆಬುಡದ ಸ್ನಾಯುಗಳು ಎಷ್ಟು ದಣಿದಿವೆ ಎಂಬುದನ್ನು ಉಪಕರಣಗಳ ಮೂಲಕವೂ ದುಡಿಯುವವರ ಹೇಳಿಕೆಯ ಮೂಲಕವೂ ತಿಳಿಯುವ ವಿಧಾನಗಳ ಸಮೂಹ. ಶರೀರಕ್ರಿಯಾಶಾಸ್ತ್ರ, ಔದ್ಯೋಗಿಕ ವೈದ್ಯಶಾಸ್ತ್ರ, ಎರ್ಗೊನಾಮಿಕ್ಸ್ ಮೂರಕ್ಕೂ ಸೇರಿದ ವಿಷಯ. ಸಿದ್ಧ ಉಡುಪಿನ ಹೊಲಿಗೆ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಜೋಡಣೆ, ತಿನಿಸು ಮತ್ತು ಔಷಧಗಳ ಪ್ಯಾಕಿಂಗ್, ಬೀಡಿ ಕಟ್ಟುವುದು, ಅಗರಬತ್ತಿ ಹೊಸೆಯುವುದು, ಕಂಪ್ಯೂಟರಿನ ಕೀಲಿಮಣೆ ಕೆಲಸ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಮೂಟೆ ಹೊರುವವರ ದಣಿವು ನೋಡುವವರಿಗೂ ಕಾಣುತ್ತದೆ. ಉಸಿರು ಏರುತ್ತದೆ, ಬೆವರು ಸುರಿಯುತ್ತದೆ, ನಾಡಿ ಜೋರಾಗುತ್ತದೆ. ಕುಳಿತು ಮಾಡುವ ಹಗುರ ಕೆಲಸದಲ್ಲಿ ಇವೊಂದೂ ಎದ್ದು ಕಾಣುವುದಿಲ್ಲ. ದಿನದ ಕೊನೆಗೆ ಹೆಗಲು ಹಿಡಿದುಕೊಂಡಿರುತ್ತದೆ, ರಟ್ಟೆ ಸೋತಿರುತ್ತದೆ, ಬೆರಳಿಗೆ ಜೋಮು ಬಂದಿರುತ್ತದೆ. ಆದರೆ ನಾಡಿಬಡಿತವನ್ನೋ ಆಮ್ಲಜನಕದ ಬಳಕೆಯನ್ನೋ ಅಳೆದರೆ ದೇಹ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿರುವಂತೆಯೇ ತೋರುತ್ತದೆ. ಹೀಗಾಗಿ ಇಲ್ಲಿ ದಣಿವನ್ನು ಆಯಾ ಸ್ನಾಯುವಿನಲ್ಲೇ ಹುಡುಕಿ ಅಳೆಯಬೇಕಾಗುತ್ತದೆ.

ಯಾವುದು ಹಗುರ ಕೆಲಸ

ಒಬ್ಬ ವ್ಯಕ್ತಿ ಸ್ವಇಚ್ಛೆಯಿಂದ ಒಂದು ಸ್ನಾಯುವಿನ ಮೂಲಕ ಹಾಕಬಲ್ಲ ಅತಿ ಹೆಚ್ಚಿನ ಬಲವನ್ನು ಆ ಸ್ನಾಯುವಿನ ಗರಿಷ್ಠ ಬಲ ಎನ್ನುತ್ತಾರೆ. ಕೆಲಸಕ್ಕೆ ಇದರ ನೂರರಲ್ಲಿ ಹತ್ತಿಪ್ಪತ್ತು ಪಾಲು ಮಾತ್ರ ಸಾಕಾಗುವಂತಿದ್ದರೆ ಅದನ್ನು ಹಗುರ ಕೆಲಸವೆಂದು ಪರಿಗಣಿಸುವುದು ವಾಡಿಕೆ. ಪುನರಾವರ್ತನೆಗೂ ಅಳತೆಗಳಿವೆ. ಅಮೆರಿಕದಲ್ಲಿ ಬಾರ್ಬರಾ ಸಿಲ್ವರ್‌ಸ್ಟೈನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನೀಡಿದ ವ್ಯಾಖ್ಯೆಯಂತೆ, ಕೆಲಸದ ಒಂದು ಸುತ್ತು 30 ಸೆಕೆಂಡಿಗಿಂತ ಬೇಗ ಮುಗಿಯುವಂತಿದ್ದರೆ, ಇಲ್ಲವೇ ಸುತ್ತಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದೇ ಚಲನೆಯಲ್ಲಿ ಕಳೆಯುವಂತಿದ್ದರೆ ಅದು ತೀವ್ರ ಪುನರಾವರ್ತನೆಯ ಕೆಲಸ. ಸ್ವೀಡನ್ನಿನ ಓಸಾ ಶೀಲ್ಬೋಮ್ 1994ರಲ್ಲಿ ಅಂಗವಾರು ಮಿತಿ ಸೂಚಿಸಿದರು: ಹೆಗಲಿನ ಚಲನೆ ನಿಮಿಷಕ್ಕೆ 2.5ನ್ನು, ಮೊಣಕೈ ಮತ್ತು ಮಣಿಕಟ್ಟಿನ ಚಲನೆ 10ನ್ನು, ಬೆರಳುಗಳ ಚಲನೆ 200ನ್ನು ಮೀರಿದರೆ ಅಪಾಯ ಹೆಚ್ಚು. ಬೆರಳಿಗೂ ಹೆಗಲಿಗೂ ಇರುವ ಈ ದೊಡ್ಡ ಅಂತರವೇ ಹೆಗಲು ಎಷ್ಟು ಬೇಗ ಸೋಲುತ್ತದೆ ಎಂಬುದನ್ನು ಹೇಳುತ್ತದೆ.

ಎತ್ತುವ ವಸ್ತು ಹಗುರವಾದರೂ ಎತ್ತುವ ಕೈ ಹಗುರವಲ್ಲ. ಹೆಗಲಿನಿಂದ ಬೆರಳತುದಿಯವರೆಗಿನ ಒಂದು ಕೈಯ ತೂಕ ದೇಹದ ತೂಕದ ಸುಮಾರು ಶೇ. 5. ಐವತ್ತು ಕಿಲೊ ತೂಗುವ ಮಹಿಳೆ ಒಂದು ಗುಂಡಿಯನ್ನು ಎತ್ತಿ ಅಂಗಿಯ ಮೇಲಿಡುವಾಗ ಅವಳ ಹೆಗಲು ಗುಂಡಿಯ ಜೊತೆಗೆ ಎರಡೂವರೆ ಕಿಲೊದ ಕೈಯನ್ನೂ ಹೊರುತ್ತದೆ. ಮೇಜಿನ ಎತ್ತರ ತುಸು ಹೆಚ್ಚಿದ್ದು ಮೊಣಕೈ ದೇಹದಿಂದ ದೂರ ನಿಂತರೆ ಈ ಹೊರೆ ದಿನವಿಡೀ ಇಳಿಯುವುದೇ ಇಲ್ಲ.

ಅಳತೆಯ ಇತಿಹಾಸ

ಇಟಲಿಯ ಮೋಡೆನಾದ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಕುರಿತ ಗ್ರಂಥದ 1713ರ ವಿಸ್ತೃತ ಆವೃತ್ತಿಯಲ್ಲಿ ಗುಮಾಸ್ತರ ಕೈನೋವನ್ನು ವಿವರಿಸಿ, ಸದಾ ಕುಳಿತಿರುವುದು, ಲೇಖನಿ ಹಿಡಿದ ಕೈಯ ಬಿಡುವಿಲ್ಲದ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ ಎಂಬ ಮೂರು ಕಾರಣಗಳನ್ನು ಹೇಳಿದ. ದಣಿವನ್ನು ಯಂತ್ರದಿಂದ ಅಳೆದ ಕೀರ್ತಿ ಟ್ಯೂರಿನ್ನಿನ ಆಂಜೆಲೊ ಮೊಸ್ಸೊನದು. 1880ರ ದಶಕದಲ್ಲಿ ಆತ ರೂಪಿಸಿದ ಎರ್ಗೊಗ್ರಾಫ್‌ನಲ್ಲಿ ಮುಂಗೈಯನ್ನು ಕಟ್ಟಿ, ಒಂದು ಬೆರಳಿನಿಂದ ತಾಳಕ್ಕೆ ಸರಿಯಾಗಿ ತೂಕವೊಂದನ್ನು ಎಳೆಯಬೇಕಿತ್ತು. ಎಳೆತದ ಎತ್ತರ ಕಾಗದದ ಮೇಲೆ ಗೆರೆಗಳಾಗಿ ಮೂಡಿ, ಕ್ರಮೇಣ ಗಿಡ್ಡವಾಗುತ್ತ ಹೋಗುತ್ತಿತ್ತು. ಈ ಪ್ರಯೋಗಗಳ ಸಾರ ಆತನ 1891ರ ‘ಲಾ ಫತೀಕಾ’ ಗ್ರಂಥದಲ್ಲಿದೆ.

ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ ಸ್ಥಿರ ಬಲವನ್ನು ಎಷ್ಟು ಹೊತ್ತು ಹಿಡಿದಿರಬಹುದು ಎಂಬುದರ ವಕ್ರರೇಖೆ ಪ್ರಕಟಿಸಿದ. ಗರಿಷ್ಠ ಬಲದ ಅರ್ಧವನ್ನು ಸುಮಾರು ಒಂದು ನಿಮಿಷ ಹಿಡಿದಿರಬಹುದು, ಶೇ. 15ಕ್ಕಿಂತ ಕೆಳಗಿದ್ದರೆ ಬಹುಕಾಲ ದಣಿವಿಲ್ಲದೆ ನಡೆಸಬಹುದು ಎಂಬುದು ಅದರ ತಾತ್ಪರ್ಯ. ಹಗುರ ಕೆಲಸ ನಿರಪಾಯ ಎಂಬ ನಂಬಿಕೆಗೆ ಇದು ಬಲ ಕೊಟ್ಟಿತು. ಮುಂದಿನ ಪ್ರಯೋಗಗಳು ಈ ನಂಬಿಕೆಯನ್ನು ಕೆಡವಿದವು. ಸ್ವೀಡನ್ನಿನ ಬೆಂಗ್ಟ್ ಯೋನ್ಸನ್ ಮತ್ತು ಸಹೋದ್ಯೋಗಿ 1977ರಲ್ಲಿ ತೋರಿಸಿದಂತೆ, ಬಿಡದೆ ಒಂದು ಗಂಟೆ ಹಿಡಿದಿರಬಲ್ಲ ಬಲ ಶೇ. 8ರ ಆಸುಪಾಸಿನದು. ಆಮೇಲೆ ಯೋನ್ಸನ್ ದಿನದ ಕೆಲಸಕ್ಕೆ ಮೂರು ಹಂತದ ಮಿತಿ ಕೊಟ್ಟರು. ಸ್ನಾಯುವಿನ ಹೊರೆ ಬಹುತೇಕ ಹೊತ್ತು ಯಾವುದಕ್ಕಿಂತ ಕೆಳಗಿಳಿಯುವುದಿಲ್ಲವೋ ಆ ತಳಮಟ್ಟ ಗರಿಷ್ಠದ ಶೇ. 2ನ್ನು ಮೀರಬಾರದು, ಶೇ. 5ನ್ನಂತೂ ದಾಟಲೇಬಾರದು, ಮಧ್ಯಮ ಮಟ್ಟಕ್ಕೆ ಈ ಮಿತಿಗಳು ಶೇ. 10 ಮತ್ತು 14, ಉತ್ತುಂಗ ಮಟ್ಟಕ್ಕೆ ಶೇ. 50 ಮತ್ತು 70. ಉತ್ತುಂಗಕ್ಕೆ ಇಷ್ಟು ಸಡಿಲ, ತಳಮಟ್ಟಕ್ಕೆ ಇಷ್ಟು ಬಿಗಿ ಎಂಬುದು ಇಲ್ಲಿ ಗಮನಿಸತಕ್ಕದ್ದು.

ಸ್ನಾಯುವಿನೊಳಗೆ ನಡೆಯುವುದು

ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯುತಂತುಗಳ ಗುಂಪನ್ನು ಚಾಲಕ ಘಟಕ ಎನ್ನುತ್ತಾರೆ. ಅಮೆರಿಕದ ಎಲ್ವುಡ್ ಹೆನ್ನೆಮನ್ ಕಂಡುಹಿಡಿದ ನಿಯಮದಂತೆ ಬಲ ಬೇಕಾದಾಗ ಚಿಕ್ಕ ಘಟಕಗಳು ಮೊದಲು ಕೆಲಸಕ್ಕಿಳಿಯುತ್ತವೆ, ಬಲ ಹೆಚ್ಚಿದಂತೆ ದೊಡ್ಡವು ಸೇರಿಕೊಳ್ಳುತ್ತವೆ; ಬಲ ಇಳಿದಾಗ ದೊಡ್ಡವು ಮೊದಲು ಬಿಡುತ್ತವೆ, ಚಿಕ್ಕವು ಕೊನೆಗೆ. ಸ್ವೀಡನ್ನಿನ ಯೊರಾನ್ ಹೆಗ್ 1991ರಲ್ಲಿ ಇದರಿಂದ ಒಂದು ಸಿದ್ಧಾಂತ ಹೊರಡಿಸಿದ. ಹಗುರ ಕೆಲಸದಲ್ಲಿ ಬಲ ಎಂದೂ ಹೆಚ್ಚುವುದಿಲ್ಲ, ಪೂರ್ತಿ ಇಳಿಯುವುದೂ ಇಲ್ಲ. ಆದ್ದರಿಂದ ಅದೇ ಕೆಲವು ಚಿಕ್ಕ ಘಟಕಗಳು, ಎಲ್ಲರಿಗಿಂತ ಮೊದಲು ಎದ್ದು ಎಲ್ಲರಾದ ಮೇಲೆ ಮಲಗುವ ಸೊಸೆಯಂತೆ, ದಿನವಿಡೀ ದುಡಿಯುತ್ತವೆ. ಕಥೆಯಲ್ಲಿ ಬಿಡುವಿಲ್ಲದೆ ದುಡಿಯುವ ಹುಡುಗಿಯ ಹೆಸರಿನಿಂದ ಸಿಂಡರೆಲ್ಲಾ ಸಿದ್ಧಾಂತ ಎಂದು ಹೆಸರಾದ ಇದರ ಪ್ರಕಾರ ಇಡೀ ಸ್ನಾಯುವಿನ ಲೆಕ್ಕದಲ್ಲಿ ಶೇ. 5 ಎನಿಸುವ ಹೊರೆ ಆ ತಂತುಗಳ ಪಾಲಿಗೆ ಪೂರ್ಣ ಹೊರೆ. ದೀರ್ಘಕಾಲ ಹೆಗಲುನೋವಿನಿಂದ ಬಳಲಿದವರ, ಕುತ್ತಿಗೆಯಿಂದ ಹೆಗಲಿಗೆ ಹರಡಿದ ಟ್ರಪೀಜಿಯಸ್ ಸ್ನಾಯುವಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಅಸ್ತವ್ಯಸ್ತವಾದ ತಂತುಗಳು ಕಂಡುಬಂದಿರುವುದು ಈ ವಿಚಾರಕ್ಕೆ ಹೊಂದಿಕೊಳ್ಳುತ್ತದೆ.

ಎರಡನೆಯ ಕಾರಣ ರಕ್ತಸಂಚಾರ. ತೋಳನ್ನು ಪಕ್ಕಕ್ಕೆ ಎತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯು ಹೆಗಲೆಲುಬಿನ ಹಳ್ಳದಲ್ಲಿ ಬಿಗಿಯಾದ ಹೊದಿಕೆಯ ಕೆಳಗೆ ಕುಳಿತಿದೆ. ತೋಳು ಸಾಧಾರಣವಾಗಿ ಎತ್ತಿದ್ದರೂ ಅದರೊಳಗಿನ ಒತ್ತಡ ಏರಿ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ. ಮೂರನೆಯದು ಕ್ಯಾಲ್ಸಿಯಂ. ತಂತು ಸಂಕುಚಿಸಲು ಬೇಕಾದ ಕ್ಯಾಲ್ಸಿಯಂ ಬಿಡುಗಡೆ ದೀರ್ಘ ದುಡಿಮೆಯ ಬಳಿಕ ಕುಂದುತ್ತದೆ. ಅದು ಸರಿಹೋಗಲು ಒಮ್ಮೊಮ್ಮೆ ಒಂದು ದಿನಕ್ಕೂ ಹೆಚ್ಚು ಕಾಲ ಬೇಕು.

ಬಲದ ಪರೀಕ್ಷೆ

ಕೆಲಸಕ್ಕೆ ಮುನ್ನ ಮತ್ತು ನಂತರ ಗರಿಷ್ಠ ಬಲವನ್ನು ಡೈನಮೊಮೀಟರ್ ಎಂಬ ಬಲಮಾಪಕದಲ್ಲಿ ಅಳೆದು ಹೋಲಿಸುವುದು ಅತಿ ಸರಳ ವಿಧಾನ. ಹಗುರ ಕೆಲಸದ ಮಟ್ಟಿಗೆ ಇದರ ಉಪಯೋಗ ಸೀಮಿತ. ದಣಿದಿರುವುದು ಕೆಲವೇ ತಂತುಗಳಾದ್ದರಿಂದ ಒಟ್ಟು ಬಲದಲ್ಲಿ ವ್ಯತ್ಯಾಸ ತೋರದೆ ಹೋಗಬಹುದು. ನೋವಿನ ಭಯವಿದ್ದವರು ಪೂರ್ತಿ ಬಲ ಹಾಕುವುದಿಲ್ಲ. ಉತ್ಸಾಹ ಕಡಿಮೆಯಾದರೂ ಅಂಕಿ ಇಳಿಯುತ್ತದೆ. ಪರೀಕ್ಷೆಯೇ ಸ್ನಾಯುವನ್ನು ದಣಿಸುವುದರಿಂದ ದಿನದಲ್ಲಿ ಮತ್ತೆ ಮತ್ತೆ ಮಾಡುವಂತೆಯೂ ಇಲ್ಲ.

ಸಂಕಲ್ಪವನ್ನು ಬದಿಗಿಟ್ಟು ಸ್ನಾಯುವನ್ನೇ ಕೇಳುವ ವಿಧಾನ ವಿದ್ಯುತ್ ಪ್ರಚೋದನೆಯದು. ಸೆಕೆಂಡಿಗೆ ಇಪ್ಪತ್ತರ ಹಾಗೂ ಅದಕ್ಕಿಂತ ಬಹಳ ಹೆಚ್ಚಿನ ದರದ ಮಿಡಿತಗಳನ್ನು ಕೊಟ್ಟು, ಎರಡರಿಂದಲೂ ಹುಟ್ಟುವ ಬಲದ ಅನುಪಾತ ನೋಡುತ್ತಾರೆ. ಕಡಿಮೆ ದರದ ಮಿಡಿತಕ್ಕೆ ಮಾತ್ರ ಬಲ ಕುಂದಿದ್ದರೆ ಅದು ಕ್ಯಾಲ್ಸಿಯಂ ಹಂತದ ದಣಿವಿನ ಗುರುತು. ರಿಚರ್ಡ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ 1977ರಲ್ಲಿ ವಿವರಿಸಿದ ಈ ಬಗೆಯ ದಣಿವು, ದುಡಿಮೆ ನಿಂತ ಮೇಲೂ ಬಹಳ ಹೊತ್ತು ಉಳಿಯುತ್ತದೆ. ದಿನನಿತ್ಯದ ಕೆಲಸಗಳೆಲ್ಲ ಈ ಕಡಿಮೆ ದರದ ನರಮಿಡಿತದಲ್ಲೇ ನಡೆಯುವುದರಿಂದ ಹಗುರ ಕೆಲಸದ ದಣಿವಿಗೆ ಇದು ಹತ್ತಿರದ ಪರೀಕ್ಷೆ. ಆದರೆ ಇದಕ್ಕೆ ಪ್ರಯೋಗಾಲಯ ಬೇಕು. ಹೆಗಲಿನ ಕೀಲಿಗೆ ಹೊಂದಿಸುವುದೂ ಕಷ್ಟ.

ವಿದ್ಯುತ್ ಸಂಕೇತದ ಅಳತೆ

ಕೆಲಸದ ಸ್ಥಳದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಚರ್ಮದ ಮೇಲಿನ ಎಲೆಕ್ಟ್ರೊಮಯೊಗ್ರಫಿ, ಚಿಕ್ಕದಾಗಿ ಇಎಂಜಿ. ಸ್ನಾಯುತಂತು ಸಂಕುಚಿಸುವ ಮುನ್ನ ಅದರ ಉದ್ದಕ್ಕೂ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ವಿದ್ಯುತ್ ಅಲೆ ಹರಿಯುತ್ತದೆ. ಸಾವಿರಾರು ತಂತುಗಳ ಅಲೆಗಳು ಬೆರೆತ ಸಂಕೇತವನ್ನು ಎಲೆಕ್ಟ್ರೋಡುಗಳು ಹಿಡಿಯುತ್ತವೆ. ಸ್ನಾಯು ದಣಿದಂತೆ ಅಲೆಯ ವೇಗ ತಗ್ಗುತ್ತದೆ, ಸಂಕೇತದ ಆವೃತ್ತಿ ಕೆಳಗಿಳಿಯುತ್ತದೆ. ಅದೇ ಬಲ ಉಳಿಸಿಕೊಳ್ಳಲು ಹೊಸ ಘಟಕಗಳು ಸೇರುವುದರಿಂದ ಸಂಕೇತ ದೊಡ್ಡದಾಗುತ್ತದೆ. ಆವೃತ್ತಿಯ ಇಳಿತವನ್ನು ಜರ್ಮನಿಯ ಹಾನ್ಸ್ ಪೀಪರ್ 1912ರಷ್ಟು ಹಿಂದೆಯೇ ಗುರುತಿಸಿದ್ದ. ಅದನ್ನು ಮಧ್ಯಾಂಕ ಆವೃತ್ತಿ ಎಂಬ ಒಂದೇ ಅಂಕಿಯಲ್ಲಿ ಹೇಳುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಕಾರ್ಲೊ ಡಿ ಲುಕಾ ಪ್ರಮುಖರು.

ಹೊಲಿಗೆ ಯಂತ್ರದ ಮುಂದೆ ಕೂರುವ ಟೈಲರ್ ಒಬ್ಬರ ಹೆಗಲನ್ನು ಅಳೆಯುವ ಕ್ರಮ ಹೀಗಿರುತ್ತದೆ. ತಲೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ನಿಲ್ಲುವ ಏಳನೆಯ ಕಶೇರುವಿನಿಂದ ಹೆಗಲ ತುದಿಯ ಎಲುಬಿನವರೆಗೆ ಟೇಪು ಹಿಡಿಯುತ್ತಾರೆ. ಆ ಗೆರೆಯ ನಡುಭಾಗದಲ್ಲಿ, ಇಲ್ಲವೇ ಅದಕ್ಕಿಂತ ತುಸು ಹೊರಕ್ಕೆ, ಚರ್ಮವನ್ನು ಸ್ಪಿರಿಟ್ಟಿನಿಂದ ಉಜ್ಜಿ ಎರಡು ಎಲೆಕ್ಟ್ರೋಡುಗಳನ್ನು 20 ಮಿಲಿಮೀಟರ್ ಅಂತರದಲ್ಲಿ ತಂತುಗಳ ದಿಕ್ಕಿಗೇ ಅಂಟಿಸುತ್ತಾರೆ. 1990ರ ದಶಕದ ಕೊನೆಯಲ್ಲಿ ನಡೆದ ಸೆನಿಯಾಮ್ ಎಂಬ ಯುರೋಪಿನ ಯೋಜನೆ ಈ ಅಂತರವನ್ನೂ ಜಾಗಗಳನ್ನೂ ಏಕರೂಪಗೊಳಿಸಿತು. ಉಪಯುಕ್ತ ಸಂಕೇತ ಸುಮಾರು 10ರಿಂದ 500 ಹರ್ಟ್ಜ್‌ವರೆಗೆ ಹಬ್ಬಿರುವುದರಿಂದ ಸೆಕೆಂಡಿಗೆ ಕನಿಷ್ಠ 1000 ಬಾರಿ ದಾಖಲಿಸಬೇಕು. ಹೃದಯದ ಬಡಿತವೂ ಇದರಲ್ಲಿ ನುಸುಳುತ್ತದೆ, ಅದನ್ನು ಸೋಸಿ ತೆಗೆಯಬೇಕು. ಬಳಿಕ ಟೈಲರ್ ಎರಡೂ ಕೈಗಳನ್ನು ಹೆಗಲಿನ ಮಟ್ಟಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಬರಿಗೈಯಲ್ಲಿ ಹದಿನೈದಿಪ್ಪತ್ತು ಸೆಕೆಂಡು ಹಿಡಿಯುತ್ತಾರೆ. ಈ ಸಂಕೇತವೇ ಅವರ ಮಾಪನದ ಆಧಾರ. ಕೆಲಸದ ನಡುವೆ ಗಂಟೆಗೊಮ್ಮೆ ಇದೇ ಭಂಗಿಯನ್ನು ಮತ್ತೆ ಮಾಡಿಸಿ, ಸಂಕೇತ ಹಿಗ್ಗಿತೇ, ಆವೃತ್ತಿ ಇಳಿಯಿತೇ ಎಂದು ಹೋಲಿಸುತ್ತಾರೆ. ನೋವಿರುವವರಿಂದ ಗರಿಷ್ಠ ಬಲ ಹಾಕಿಸುವುದಕ್ಕಿಂತ ಈ ಪದ್ಧತಿ ಮಾನವೀಯವೂ ಹೌದು, ನಂಬಲರ್ಹವೂ ಹೌದು.

ಸಂಕೇತ ದೊಡ್ಡದಾದದ್ದು ದಣಿವಿನಿಂದಲೋ, ಹೆಚ್ಚು ಬಲ ಹಾಕಿದ್ದರಿಂದಲೋ ಎಂಬ ಪ್ರಶ್ನೆಗೆ ಜರ್ಮನಿಯ ಡಾರ್ಟ್‌ಮಂಡ್‌ನ ಆಲ್ವಿನ್ ಲುಟ್‌ಮನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಗಾತ್ರ ಹೆಚ್ಚಿ ಆವೃತ್ತಿ ಇಳಿದರೆ ದಣಿವು. ಎರಡೂ ಏರಿದರೆ ಬಲದ ಹೆಚ್ಚಳ. ಎರಡೂ ಇಳಿದರೆ ಬಲದ ಇಳಿಕೆ. ಗಾತ್ರ ಇಳಿದು ಆವೃತ್ತಿ ಏರಿದರೆ ಚೇತರಿಕೆ. ಶಸ್ತ್ರಚಿಕಿತ್ಸಕರ ತೋಳು ಮತ್ತು ಹೆಗಲನ್ನು ಅವರು ಈ ವಿಧಾನದಲ್ಲಿ ಪರಿಶೀಲಿಸಿದರು.

ಹಗುರ ಕೆಲಸದಲ್ಲಿ ಇಎಂಜಿಗೂ ತೊಡಕುಗಳಿವೆ. ಚರ್ಮದ ಉಷ್ಣತೆ ಏರಿದರೆ ಆವೃತ್ತಿ ತಾನಾಗಿಯೇ ಏರಿ ದಣಿವನ್ನು ಮರೆಮಾಡುತ್ತದೆ. ತೋಳು ಅಲುಗಿದಾಗ ಸ್ನಾಯು ಎಲೆಕ್ಟ್ರೋಡಿನ ಕೆಳಗೆ ಜಾರುತ್ತದೆ. ದಣಿದ ಘಟಕಗಳು ಸರಿದು ಹೊಸವು ಬಂದರೆ ಸಂಕೇತ ತಾಜಾ ಕಾಣುತ್ತದೆ. ಸ್ವೀಡನ್ನಿನಲ್ಲಿ ಟೊಮ್ಮಿ ಓಬೆರಿ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಹೊರೆ ಹೆಚ್ಚಿದ್ದಾಗ ಆವೃತ್ತಿಯ ಇಳಿತವೂ ದಣಿವಿನ ಅನುಭವವೂ ಜೊತೆಜೊತೆಗೇ ಸಾಗಿದವು. ಹೊರೆ ಕಡಿಮೆಯಿದ್ದಾಗ ಜನ ದಣಿವು ಹೇಳಿದರೂ ಆವೃತ್ತಿ ಅಲುಗಲಿಲ್ಲ. ಯಂತ್ರ ಏನೂ ತೋರಿಸದಿದ್ದ ಮಾತ್ರಕ್ಕೆ ದಣಿವಿಲ್ಲ ಎನ್ನುವಂತಿಲ್ಲ ಎಂಬುದು ಇದರ ಪಾಠ.

ಬಿಡುವಿನ ಅಳತೆ

ಕೆಲಸವನ್ನು ಅಳೆಯುವ ಬದಲು ಸ್ನಾಯುವಿನ ಬಿಡುವನ್ನು ಅಳೆಯುವ ದಾರಿಯನ್ನು ನಾರ್ವೆಯ ಸಂಶೋಧಕರು ತೆರೆದರು. ಬೋ ವೆಯ್ಯರ್‌ಸ್ಟೆಡ್ ಮತ್ತು ರೋಲ್ಫ್ ವೆಸ್ಟ್‌ಗೋರ್ ಚಾಕಲೇಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಮಹಿಳೆಯರ ಟ್ರಪೀಜಿಯಸ್ ಸಂಕೇತವನ್ನು 1990ರ ಆಸುಪಾಸಿನಲ್ಲಿ ದಾಖಲಿಸಿದರು. ಸಂಕೇತ ಗರಿಷ್ಠದ ಶೇ. 0.5ಕ್ಕಿಂತ ಕೆಳಗೆ ಕನಿಷ್ಠ 0.2 ಸೆಕೆಂಡು ಇಳಿದರೆ ಅದನ್ನೊಂದು ತೆರಪು ಎಂದು ಎಣಿಸಿದರು. ಒಂದೇ ಕೆಲಸ, ಒಂದೇ ವೇಗ. ಆದರೂ ಕೆಲವರ ಸ್ನಾಯುವಿಗೆ ಇಂಥ ತೆರಪುಗಳು ಪದೇ ಪದೇ ಸಿಗುತ್ತಿದ್ದವು, ಕೆಲವರಿಗೆ ಅಪರೂಪ. ತೆರಪು ಕಡಿಮೆಯಿದ್ದವರಲ್ಲೇ ಮುಂದೆ ಹೆಗಲುನೋವು ಹೆಚ್ಚಾಗಿ ಕಾಣಿಸಿಕೊಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಬಿಡುವೂ ಸ್ನಾಯುವಿಗೆ ಬೆಲೆಯುಳ್ಳದ್ದು ಎಂಬ ಅರಿವು ಬಂದದ್ದು ಹೀಗೆ.

ಡೆನ್ಮಾರ್ಕಿನ ಹೊಲಿಗೆ ಯಂತ್ರ ಕಾರ್ಮಿಕರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೂ ಬಿಡುವಿಲ್ಲದ ಹೊರೆ ಸ್ನಾಯುವನ್ನು ದಣಿಸುತ್ತದೆ ಎಂಬುದನ್ನು ಬೆಂಬಲಿಸುತ್ತದೆ. ಅವರ ಹೆಗಲಿನ ಸ್ಥಿರ ಹೊರೆ ಯೋನ್ಸನ್ನರ ಮಿತಿಯನ್ನು ಮೀರಿತ್ತು. ದಿನ ಕಳೆದಂತೆ ಸಂಕೇತದಲ್ಲಿ ದಣಿವಿನ ಗುರುತುಗಳು ಮೂಡಿದವು.

ಇತರ ಉಪಕರಣಗಳು

ಸ್ನಾಯುವಿನ ಸೂಕ್ಷ್ಮ ಕಂಪನವನ್ನು ಹಿಡಿಯುವ ಮೆಕಾನೊಮಯೊಗ್ರಫಿ, ಅತಿಗೆಂಪಿಗೆ ಸಮೀಪದ ಬೆಳಕನ್ನು ಹಾಯಿಸಿ ಸ್ನಾಯುವಿನ ಆಮ್ಲಜನಕ ಮಟ್ಟ ತಿಳಿಯುವ ವಿಧಾನ, ಸಣ್ಣ ಕೊಳವೆ ತೂರಿಸಿ ಲ್ಯಾಕ್ಟೇಟ್ ಮುಂತಾದ ವಸ್ತುಗಳನ್ನು ಅಳೆಯುವ ಮೈಕ್ರೊಡಯಾಲಿಸಿಸ್ ಸಂಶೋಧನೆಯಲ್ಲಿ ಬಳಕೆಯಲ್ಲಿವೆ. ಮೇಲ್ದೋಳಿಗೆ ಕಟ್ಟುವ ಓರೆಮಾಪಕಗಳು ದಣಿವನ್ನು ನೇರವಾಗಿ ಅಳೆಯುವುದಿಲ್ಲ. ಆದರೆ ತೋಳು 60 ಅಥವಾ 90 ಡಿಗ್ರಿಗಿಂತ ಮೇಲೆ ಎಷ್ಟು ಹೊತ್ತು ಇತ್ತು ಎಂಬುದನ್ನು ಇಡೀ ಪಾಳಿಯುದ್ದಕ್ಕೂ ಅಗ್ಗವಾಗಿ ದಾಖಲಿಸುತ್ತವೆ.

ದುಡಿಯುವವರ ಹೇಳಿಕೆ

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರಿ ರೂಪಿಸಿದ ಹತ್ತರ ಅಳತೆಪಟ್ಟಿಯಲ್ಲಿ ಸೊನ್ನೆ ಎಂದರೆ ಏನೂ ಇಲ್ಲ, 10 ಎಂದರೆ ಅತ್ಯಂತ ತೀವ್ರ, ಬಹುತೇಕ ಗರಿಷ್ಠ. ಅದರ ಜೊತೆಗೆ ದೇಹದ ಚಿತ್ರ ಕೊಟ್ಟು ನೋವಿನ ಜಾಗ ತೋರಿಸಲು ಕೇಳುತ್ತಾರೆ. 1987ರ ನಾರ್ಡಿಕ್ ಪ್ರಶ್ನಾವಳಿ ಕಳೆದ 12 ತಿಂಗಳ ಮತ್ತು 7 ದಿನಗಳ ತೊಂದರೆಯನ್ನು ವಿಚಾರಿಸುತ್ತದೆ. ಇವನ್ನು ಕಾರ್ಮಿಕರ ಮನೆಮಾತಿನಲ್ಲೇ ಕೇಳಬೇಕು, ಮೇಲ್ವಿಚಾರಕರು ಎದುರಿಗಿಲ್ಲದಾಗ ಕೇಳಬೇಕು. ಹಗುರ ಹೊರೆಯಲ್ಲಿ ಇಂಥ ಹೇಳಿಕೆ ಯಂತ್ರಕ್ಕಿಂತ ಮೊದಲೇ ಎಚ್ಚರಿಸುತ್ತದೆ ಎಂಬುದಕ್ಕೆ ಮೇಲೆ ಹೇಳಿದ 1994ರ ಪ್ರಯೋಗವೇ ಸಾಕ್ಷಿ.

ಮಾನದಂಡಗಳು

ಕಾರ್ಖಾನೆಗಳಲ್ಲಿ ನೋಡಿ ಅಂಕ ಹಾಕುವ ಪಟ್ಟಿಗಳಲ್ಲಿ ಬ್ರಿಟನ್ನಿನ ರೂಲಾ (1993), ಅಮೆರಿಕದ ಸ್ಟ್ರೇನ್ ಇಂಡೆಕ್ಸ್ (1995), ಇಟಲಿಯ ಓಕ್ರಾ ಹೆಸರಾದವು. ಹಗುರ ವಸ್ತುಗಳನ್ನು ವೇಗವಾಗಿ ನಿರ್ವಹಿಸುವ ಕೆಲಸಕ್ಕೆ ಮೀಸಲಾದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11228ರ ಮೂರನೆಯ ಭಾಗ 2007ರಲ್ಲಿ ಬಂತು. ಅಮೆರಿಕದ ಎಸಿಜಿಐಎಚ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಮಿತಿಯಲ್ಲಿ ಬಲ ಮತ್ತು ಬಿಡುವು ಒಂದಕ್ಕೊಂದು ಕಟ್ಟುಬಿದ್ದಿವೆ: ಸುತ್ತಿನ ಅರ್ಧ ಹೊತ್ತು ಬಲ ಹಾಕುವವರಿಗೆ ಗರಿಷ್ಠದ ಶೇ. 16–17ರವರೆಗೆ ಅವಕಾಶ, ಬಲ ಹಾಕುವ ಹೊತ್ತು ಹೆಚ್ಚಿದಂತೆ ಈ ಮಿತಿ ಇಳಿಯುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು, ದಕ್ಷಿಣ ಕನ್ನಡದ ಮನೆಮನೆಗಳ ಬೀಡಿ ಕೆಲಸ, ಮೈಸೂರು–ಬೆಂಗಳೂರಿನ ಅಗರಬತ್ತಿ, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ, ಇಳಕಲ್ಲಿನ ಮಗ್ಗ, ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು ಎಲ್ಲವೂ ಈ ಬಗೆಯ ದುಡಿಮೆಗಳೇ. ಇವುಗಳಲ್ಲಿ ಬಹುಪಾಲು ಮಹಿಳೆಯರದು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ನಿಗದಿಯಾದಾಗ, ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಗೊತ್ತಾದಾಗ, ಮೊದಲು ಕಡಿತವಾಗುವುದು ಕೈಗೆ ಸಿಗುವ ಬಿಡುವು. ಮನೆಗೆಲಸವೂ ಅದೇ ಹೆಗಲಿನ ಮೇಲೆ ಬೀಳುವುದರಿಂದ ಪಾಳಿ ಮುಗಿದ ಮೇಲಿನ ಚೇತರಿಕೆಯೂ ಮೊಟಕಾಗುತ್ತದೆ. ಔದ್ಯೋಗಿಕ ಆರೋಗ್ಯ ಸಂಶೋಧನೆಗೆ ಐಸಿಎಂಆರ್ ಅಡಿಯ ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ಮೌಲ್ಯಮಾಪನ

ಹಗುರ ಕೆಲಸದ ದಣಿವನ್ನು ಯಾವ ಒಂದು ಅಂಕಿಯೂ ಪೂರ್ತಿ ಹಿಡಿದುಕೊಡುವುದಿಲ್ಲ. ಬಲದ ಪರೀಕ್ಷೆ ತಡವಾಗಿ ಹೇಳುತ್ತದೆ, ಇಎಂಜಿ ಒಮ್ಮೊಮ್ಮೆ ಸುಮ್ಮನಿರುತ್ತದೆ, ಓರೆಮಾಪಕ ಭಂಗಿಯನ್ನಷ್ಟೇ ಬಲ್ಲದು, ಹೇಳಿಕೆಗೆ ಧೈರ್ಯ ಬೇಕು. ಎರಡು ಮೂರು ವಿಧಾನಗಳನ್ನು ಜೊತೆಗಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ಪಾಳಿಯ ಕೊನೆಗೆ ಮತ್ತು ಮರುದಿನ ಕೆಲಸ ಹಿಡಿಯುವ ಮುನ್ನ ಅಳೆದಾಗಲೇ ಚಿತ್ರ ಸ್ಪಷ್ಟವಾಗುತ್ತದೆ. ಮರುದಿನದ ಅಳತೆಯನ್ನು ಬಿಡಲೇಬಾರದು; ರಾತ್ರಿ ಕಳೆದರೂ ಇಳಿಯದ ದಣಿವೇ ಮುಂದೆ ಕಾಯಿಲೆಯಾಗಿ ಬೆಳೆಯುವ ಸಂಭವವಿರುವುದು. ಉಪಕರಣ ಕೊಳ್ಳಲಾಗದ ಸಣ್ಣ ಘಟಕವೂ ಒಂದು ಗಡಿಯಾರ, ಹತ್ತರ ಅಳತೆಪಟ್ಟಿ, ದೇಹದ ಚಿತ್ರವಿರುವ ಒಂದು ಹಾಳೆ ಇಟ್ಟುಕೊಂಡು ಈ ಕೆಲಸವನ್ನು ಆರಂಭಿಸಬಹುದು. ಹೆಗಲಿನ ಅಂಕ ದಿನದಿನಕ್ಕೆ ಏರುತ್ತಿದ್ದರೆ ಮೊದಲು ಬದಲಿಸಬೇಕಾದ್ದು ಮೇಜಿನ ಎತ್ತರ, ಕೆಲಸದ ಸರದಿ ಮತ್ತು ಬಿಡುವಿನ ವೇಳಾಪಟ್ಟಿ, ದುಡಿಯುವವರನ್ನಲ್ಲ.